ಮೂರು ದ್ವೀಪಗಳ ರಾಜ್ಯ

1857ರ ಜೂನ್ 16. ಜಾರ್ಜ್ ವಾಲಿಂಗ್ ಎಂಬ ಪೊಲೀಸ್ ಕ್ಯಾಪ್ಟನ್ ನ್ಯೂಯಾರ್ಕಿನ ಸಿಟಿ ಹಾಲ್ ಮೆಟ್ಟಿಲುಗಳನ್ನು ಒಬ್ಬನೇ ಹತ್ತಿದ. ಕೈಯಲ್ಲಿ ಬಂಧನದ ವಾರಂಟು. ಬಂಧಿಸಬೇಕಾಗಿದ್ದದ್ದು ಕಳ್ಳನನ್ನೂ ಅಲ್ಲ, ಪುಂಡನನ್ನೂ ಅಲ್ಲ. ಆ ನಗರದ ಮೇಯರ್ ಫರ್ನಾಂಡೊ ವುಡ್‌ನನ್ನು. ವಾರಂಟು ತೋರಿಸಿದಾಗ ಮೇಯರ್ ಜಗ್ಗಲಿಲ್ಲ. ಕಾವಲಿಗಿದ್ದ ಪೊಲೀಸರು ವಾಲಿಂಗ್‌ನನ್ನು ರಟ್ಟೆ ಹಿಡಿದು ಬೀದಿಗೆ ದಬ್ಬಿದರು. ಸ್ವಲ್ಪ ಹೊತ್ತಿಗೆ ವಾಲಿಂಗ್ ಕಡೆಯ ಸುಮಾರು ಐವತ್ತು ಪೊಲೀಸರು ಸಾಲುಗಟ್ಟಿ ಬಂದರು. ಸಿಟಿ ಹಾಲ್ ಮುಂದೆ ಪೊಲೀಸರಿಗೂ ಪೊಲೀಸರಿಗೂ ಲಾಠಿ ಕಾಳಗವೇ ನಡೆದುಹೋಯಿತು. ಬಾಸ್ಟನ್‌ಗೆ ಹೊರಟು ಬ್ರಾಡ್‌ವೇಯಲ್ಲಿ ಸಾಗುತ್ತಿದ್ದ ಏಳನೇ ರೆಜಿಮೆಂಟಿನ ಸೈನಿಕರನ್ನು ದಾರಿಯಲ್ಲೇ ತಡೆದು ಕರೆತಂದ ಮೇಲೆ ಮೇಯರ್ ಬಂಧನಕ್ಕೆ ಒಪ್ಪಿದ.

ಒಂದೇ ನಗರಕ್ಕೆ ಎರಡು ಪೊಲೀಸ್ ಪಡೆ ಬಂದದ್ದು ಆ ವರ್ಷದ ಏಪ್ರಿಲ್‌ನಲ್ಲಿ. ಹಡ್ಸನ್ ನದಿಗುಂಟ ಇನ್ನೂರು ಕಿಲೋಮೀಟರಿಗೂ ಮೇಲೆ ಆಲ್ಬನಿ ಇದೆ. ಅದು ನ್ಯೂಯಾರ್ಕ್ ರಾಜ್ಯದ ರಾಜಧಾನಿ. ಅಲ್ಲಿನ ಶಾಸನಸಭೆ ಹೊಸ ಕಾಯಿದೆ ಮಾಡಿ, ನಗರದ ಪೊಲೀಸ್ ಪಡೆಯನ್ನು ಮೇಯರ್ ಕೈಯಿಂದ ಕಿತ್ತು, ಗವರ್ನರ್ ನೇಮಿಸುವ ಆಯೋಗಕ್ಕೆ ಒಪ್ಪಿಸಿತ್ತು. ವುಡ್ ಮಣಿಯದೆ ತನ್ನ ಪಡೆಯನ್ನು ಉಳಿಸಿಕೊಂಡ. ವಾಲಿಂಗ್ ಇದ್ದದ್ದು ಆಯೋಗದ ಹೊಸ ಮೆಟ್ರೊಪಾಲಿಟನ್ ಪಡೆಯಲ್ಲಿ. ಶಾಸನಸಭೆಯಲ್ಲಿ ಹಿಡಿತವಿದ್ದದ್ದು ಹಳ್ಳಿ ಮತ್ತು ಸಣ್ಣ ಊರುಗಳ ಬೆಂಬಲದ ಹೊಸ ರಿಪಬ್ಲಿಕನ್ ಪಕ್ಷಕ್ಕೆ. ನಗರವಾದರೋ ಐರ್ಲೆಂಡ್, ಜರ್ಮನಿಗಳಿಂದ ಹಡಗಿಳಿದ ವಲಸಿಗರದು. ಅವರ ಮತ ಡೆಮಾಕ್ರಟಿಕ್ ಪಕ್ಷಕ್ಕೆ. ವುಡ್ ಕೈಕೆಳಗಿನ ಪೊಲೀಸರು ಸಾಚಾಗಳೇನಲ್ಲ, ಚುನಾವಣೆ ಬಂದರೆ ಮೇಯರ್ ಪರ ದುಡಿಯುತ್ತಿದ್ದವರೇ. ಆದರೂ ನಗರದ ಸಾಮಾನ್ಯನಿಗೆ ಕಂಡದ್ದು ಇಷ್ಟು: ಮನೆ ನಮ್ಮದು, ಕೀಲಿಕೈ ಮಾತ್ರ ಇನ್ನಾರದೋ ಸೊಂಟದಲ್ಲಿ. ಆ ಬೇಸಗೆಯಲ್ಲಿ ಕೋರ್ಟು ಆಲ್ಬನಿಯ ಕಾಯಿದೆಯನ್ನು ಎತ್ತಿಹಿಡಿಯಿತು. ವುಡ್ ತನ್ನ ಪಡೆಯನ್ನು ವಿಸರ್ಜಿಸಿದ.

ಆ ಅವಮಾನವನ್ನು ಅವನು ಮರೆಯಲಿಲ್ಲ. ನಡುವೆ ಒಮ್ಮೆ ಸೋತು, 1860ರಲ್ಲಿ ಮತ್ತೆ ಮೇಯರ್ ಆದ. ಆ ವರ್ಷದ ಡಿಸೆಂಬರ್ 20ರಂದು ದಕ್ಷಿಣ ಕೆರೊಲಿನಾ ಅಮೆರಿಕದ ಒಕ್ಕೂಟ ಬಿಟ್ಟು ಹೊರನಡೆಯಿತು. ಉಳಿದ ಗುಲಾಮಗಿರಿ ರಾಜ್ಯಗಳೂ ಗಂಟುಮೂಟೆ ಕಟ್ಟುತ್ತಿದ್ದವು. 1861ರ ಜನವರಿ ಮೊದಲ ವಾರದಲ್ಲಿ ವುಡ್ ನಗರಸಭೆಯ ಮುಂದೆ ತನ್ನ ವಾರ್ಷಿಕ ಸಂದೇಶವಿಟ್ಟ. ಒಕ್ಕೂಟ ಒಡೆಯುವುದು ಖಚಿತ, ಹಾಗಾದಾಗ ನ್ಯೂಯಾರ್ಕ್ ನಗರ ಏಕೆ ಕಟ್ಟಿಹಾಕಿಸಿಕೊಂಡು ಕೂರಬೇಕು ಎಂಬುದು ಅವನ ವಾದ. ದಕ್ಷಿಣದವರು ನಮ್ಮ ಸ್ನೇಹಿತರು, ನಮ್ಮ ವ್ಯಾಪಾರ ಅವರ ಜೊತೆ. ನಮ್ಮನ್ನು ಸುಲಿಯುತ್ತಿರುವುದು ಆಲ್ಬನಿ. ನಗರ ಸ್ವತಂತ್ರವಾದರೆ ಬಂದರಿನ ಸಣ್ಣ ಸುಂಕವೊಂದರಿಂದಲೇ ಖರ್ಚೆಲ್ಲ ಕಳೆಯುತ್ತದೆ, ಜನ ತೆರಿಗೆ ಕಟ್ಟುವ ಅಗತ್ಯವೇ ಇರದು ಎಂದ. ಈ ಯೋಜನೆಗೆ ಅಂಟಿಕೊಂಡ ಹೆಸರು ‘ಟ್ರೈ-ಇನ್ಸುಲಾ’, ಅಂದರೆ ಮೂರು ದ್ವೀಪ: ಮ್ಯಾನ್‌ಹಟನ್, ಲಾಂಗ್ ಐಲೆಂಡ್, ಸ್ಟೇಟನ್ ಐಲೆಂಡ್. ಆಗ ನ್ಯೂಯಾರ್ಕ್ ನಗರವೆಂದರೆ ಮ್ಯಾನ್‌ಹಟನ್ ಅಷ್ಟೇ. ನದಿಯಾಚೆಯ ಬ್ರೂಕ್ಲಿನ್ ಬೇರೆಯೇ ನಗರ.

ಈ ಲೆಕ್ಕಾಚಾರದ ತಳದಲ್ಲಿದ್ದದ್ದು ಹತ್ತಿ. ಹತ್ತಿ ಬೆಳೆಯುತ್ತಿದ್ದದ್ದು ಜಾರ್ಜಿಯ, ಅಲಬಾಮಗಳಲ್ಲಿ. ದುಡ್ಡು ಬೆಳೆಯುತ್ತಿದ್ದದ್ದು ಮ್ಯಾನ್‌ಹಟನ್ನಿನ ದಕ್ಷಿಣ ತುದಿಯಲ್ಲಿ. ಮುಂದಿನ ಬೆಳೆಯ ಮೇಲೆ ತೋಟದ ಒಡೆಯನಿಗೆ ಸಾಲ ಕೊಡುವವನು ನ್ಯೂಯಾರ್ಕಿನ ವ್ಯಾಪಾರಿ. ಸರಕಿಗೆ ವಿಮೆ ಮಾಡುವವನು, ಹಡಗು ಒದಗಿಸುವವನು, ಲಿವರ್‌ಪೂಲಿಗೆ ಮಾರಿ ದಲ್ಲಾಳಿ ಹಣ ಹಿಡಿಯುವವನು, ವಾಪಸು ಬರುವಾಗ ಇಂಗ್ಲೆಂಡಿನ ಬಟ್ಟೆ, ಪಾತ್ರೆ ತಂದು ದಕ್ಷಿಣದವರಿಗೇ ಮಾರುವವನು, ಎಲ್ಲರೂ ನ್ಯೂಯಾರ್ಕಿನವರೇ. ದಕ್ಷಿಣದ ಹತ್ತಿಯಿಂದ ಹುಟ್ಟುವ ಪ್ರತಿ ಡಾಲರ್‌ನಲ್ಲಿ 40 ಸೆಂಟ್ ನ್ಯೂಯಾರ್ಕಿಗೆ ಸೇರುತ್ತದೆ ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ದೇಶದ ಆಮದಿನ ಸುಮಾರು ಮೂರರಲ್ಲಿ ಎರಡು ಪಾಲು ಇದೇ ಬಂದರಿನಲ್ಲಿ ಇಳಿಯುತ್ತಿತ್ತು. ವಾಷಿಂಗ್ಟನ್ ಸರ್ಕಾರದ ಬೊಕ್ಕಸವೂ ಮುಖ್ಯವಾಗಿ ಈ ಸುಂಕದಿಂದಲೇ ತುಂಬುತ್ತಿದ್ದ ಕಾಲವದು. ಕಾನೂನು ನಿಷೇಧಿಸಿದ್ದರೂ ಆಫ್ರಿಕಾದಿಂದ ಮನುಷ್ಯರನ್ನು ತುಂಬಿ ತರುವ ಹಡಗುಗಳು ಇಲ್ಲಿಂದಲೇ ಸಜ್ಜಾಗಿ ಹೊರಡುತ್ತಿದ್ದವು.

ವುಡ್ ಕೇಳಿದ್ದು ಸ್ವಾಯತ್ತೆ, ನಿಜ. ಆ ಸ್ವಾಯತ್ತೆ ಯಾರ ಬೆನ್ನಿನ ಮೇಲೆ ನಿಲ್ಲುತ್ತಿತ್ತು ಎಂಬುದನ್ನು ಅದೇ ತಿಂಗಳಿನ ಒಂದು ಘಟನೆ ಬಯಲಿಗಿಟ್ಟಿತು. ಜನವರಿ 22ರಂದು ಜಾರ್ಜಿಯದ ಸವಾನ್ನಾಗೆ ಹೊರಡಲಿದ್ದ ‘ಮಾಂಟಿಸೆಲೊ’ ಎಂಬ ಉಗಿಹಡಗನ್ನು ಮೆಟ್ರೊಪಾಲಿಟನ್ ಪೊಲೀಸರು ಹತ್ತಿ ನೋಡಿದರೆ ಒಳಗೆ ಪೆಟ್ಟಿಗೆ ಪೆಟ್ಟಿಗೆ ಬಂದೂಕುಗಳು! ಒಕ್ಕೂಟದ ವಿರುದ್ಧ ಎದ್ದು ನಿಂತಿದ್ದವರಿಗೆ ಹೋಗುವ ಸರಕು. ಪೊಲೀಸರು ಮುಟ್ಟುಗೋಲು ಹಾಕಿದರು. ಜಾರ್ಜಿಯದ ನಾಯಕ ರಾಬರ್ಟ್ ಟೂಂಬ್ಸ್ ಸಿಟ್ಟಿನಿಂದ ಮೇಯರ್‌ಗೆ ತಂತಿ ಕಳಿಸಿದ. ವುಡ್ ವಿಷಾದ ಸೂಚಿಸಿ ಉತ್ತರ ಬರೆದ: ಈ ಪೊಲೀಸರ ಮೇಲೆ ನನಗೆ ಅಧಿಕಾರವಿಲ್ಲ, ಇದ್ದಿದ್ದರೆ ಹೀಗಾಗಲು ಬಿಡುತ್ತಿರಲಿಲ್ಲ ಎಂಬುದು ಅದರ ಸಾರ. ನಾಲ್ಕು ವರ್ಷದ ಹಿಂದೆ ಸಿಟಿ ಹಾಲ್ ಮೆಟ್ಟಿಲ ಮೇಲೆ ಕಾದಾಡಿದ್ದ ಅದೇ ಪಡೆ ಆ ಬಂದೂಕುಗಳನ್ನು ತಡೆದಿತ್ತು. ಪೊಲೀಸರು ಮೇಯರ್ ಕೈಯಲ್ಲೇ ಉಳಿದಿದ್ದರೆ ಆ ಪೆಟ್ಟಿಗೆಗಳು ಸವಾನ್ನಾ ತಲುಪುತ್ತಿದ್ದವು.

ಮೇಯರ್ ಸಂದೇಶವನ್ನು ಹೊರೇಸ್ ಗ್ರೀಲಿಯ ‘ಟ್ರಿಬ್ಯೂನ್’ ಪತ್ರಿಕೆ ಕಟುವಾಗಿ ಖಂಡಿಸಿತು. ಆದರೆ ಯೋಜನೆಯ ಕಾಲು ಮುರಿದದ್ದು ವ್ಯಾಪಾರದ ಲೆಕ್ಕವೇ. ದಕ್ಷಿಣದ ರಾಜ್ಯಗಳು ತಮ್ಮ ಬಂದರುಗಳಲ್ಲಿ ಕಡಿಮೆ ಸುಂಕ ಇಟ್ಟವು. ಮಾರ್ಚ್‌ನಲ್ಲಿ ವಾಷಿಂಗ್ಟನ್ ತನ್ನ ಸುಂಕ ಏರಿಸಿತು. ಇಂಗ್ಲೆಂಡಿನ ಸರಕು ಇನ್ನು ನ್ಯೂ ಆರ್ಲಿಯನ್ಸಿನಲ್ಲಿ, ಚಾರ್ಲ್ಸ್‌ಟನ್ನಿನಲ್ಲಿ ಇಳಿದರೆ ತಮ್ಮ ಗತಿಯೇನು? ದಕ್ಷಿಣದ ತೋಟಗಾರರು ಉಳಿಸಿಕೊಂಡ ಸಾಲ ವಸೂಲಾಗುವುದು ಹೇಗೆ? ನಿನ್ನೆಯವರೆಗೆ ರಾಜಿಯ ಮಾತಾಡುತ್ತಿದ್ದ ವರ್ತಕರಿಗೆ ಒಕ್ಕೂಟ ಉಳಿಯುವುದೇ ಕ್ಷೇಮವೆಂದು ಕಾಣತೊಡಗಿತು. ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನಲ್ಲಿ ಒಕ್ಕೂಟದ ಪಡೆ ಕಾಯುತ್ತಿದ್ದ ಸಮ್ಟರ್ ಕೋಟೆಯ ಮೇಲೆ ದಕ್ಷಿಣದವರ ಗುಂಡು ಹಾರಿತು, ಅಂತರ್ಯುದ್ಧ ಶುರುವಾಯಿತು. ಏಪ್ರಿಲ್ 20ರಂದು ಯೂನಿಯನ್ ಸ್ಕ್ವೇರಿನಲ್ಲಿ ಕಂಡುಕೇಳರಿಯದ ಜನಸಾಗರ ಸೇರಿತು. ಕೋಟೆಯಿಂದ ತಂದ ಬಾವುಟ ಅಲ್ಲಿ ಹಾರಾಡಿತು, ಕೋಟೆ ಕಾದ ಮೇಜರ್ ಆಂಡರ್ಸನ್ ಅಲ್ಲಿದ್ದ. ವೇದಿಕೆಯಿಂದ ಒಕ್ಕೂಟದ ಪರವಾಗಿ ಮಾತಾಡಿದವರಲ್ಲಿ ಫರ್ನಾಂಡೊ ವುಡ್ ಕೂಡ ಒಬ್ಬ. ಆ ಡಿಸೆಂಬರಿನ ಚುನಾವಣೆಯಲ್ಲಿ ಅವನು ಸೋತ. ಮುಂದೆ ಕಾಂಗ್ರೆಸ್ ಸದಸ್ಯನಾಗಿ, ಗುಲಾಮಗಿರಿಯನ್ನು ಕೊನೆಗಾಣಿಸಿದ ಹದಿಮೂರನೇ ತಿದ್ದುಪಡಿಯನ್ನು ವಿರೋಧಿಸಿದವರ ಸಾಲಿನಲ್ಲಿ ನಿಂತ.

ಬೇರೆಯಾಗುವ ಮಾತು ವುಡ್‌ನಿಂದ ಶುರುವಾದದ್ದಲ್ಲ. 1788ರಲ್ಲಿ ಅಮೆರಿಕದ ಹೊಸ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಕೋ ಬೇಡವೋ ಎಂದು ಪೊಕೀಪ್ಸಿ ಊರಿನಲ್ಲಿ ನ್ಯೂಯಾರ್ಕ್ ರಾಜ್ಯದ ಪ್ರತಿನಿಧಿಗಳು ವಾರಗಟ್ಟಲೆ ವಾದಿಸಿದರು. ಗವರ್ನರ್ ಜಾರ್ಜ್ ಕ್ಲಿಂಟನ್ ಮತ್ತು ಗ್ರಾಮೀಣ ಭಾಗದ ಬಹುಪಾಲು ಜನ ವಿರುದ್ಧ. ಅಲೆಕ್ಸಾಂಡರ್ ಹ್ಯಾಮಿಲ್ಟನ್, ಜಾನ್ ಜೇ ಮತ್ತು ವ್ಯಾಪಾರ ನಂಬಿದ ನಗರ ಪರ. ರಾಜ್ಯ ಒಪ್ಪದಿದ್ದರೆ ನಗರವೇ ರಾಜ್ಯ ಬಿಟ್ಟು ಒಕ್ಕೂಟ ಸೇರುತ್ತದೆ ಎಂಬ ಮಾತು ಸಭೆಯ ಒಳಗೂ ಹೊರಗೂ ಓಡಾಡಿತು. ಜುಲೈ 23ರಂದು ನಗರದ ಕುಶಲಕರ್ಮಿಗಳು ‘ಹ್ಯಾಮಿಲ್ಟನ್’ ಹೆಸರಿನ ಹಡಗೊಂದನ್ನೇ ಗಾಲಿಯ ಮೇಲೆ ನಿಲ್ಲಿಸಿ, ಕುದುರೆ ಕಟ್ಟಿ, ತೇರಿನಂತೆ ಬೀದಿಯಲ್ಲಿ ಎಳೆದರು. ಮೂರು ದಿನದ ನಂತರ 30-27 ಮತಗಳಿಂದ ರಾಜ್ಯ ಒಪ್ಪಿತು. ನಗರ ರಾಜ್ಯದೊಳಗೇ ಉಳಿಯಿತು.

ಹಾಗೆ ಒಪ್ಪಿಕೊಂಡ ಸಂವಿಧಾನವೇ ನಗರಕ್ಕೆ ಬೀಗ ಹಾಕಿತು. ನಾಲ್ಕನೇ ವಿಧಿಯ ಮೂರನೇ ಭಾಗದ ಪ್ರಕಾರ ಒಂದು ರಾಜ್ಯದೊಳಗಿಂದ ಇನ್ನೊಂದನ್ನು ಕಡೆಯಬೇಕಾದರೆ ಕಾಂಗ್ರೆಸ್ ಒಪ್ಪಬೇಕು, ಜೊತೆಗೆ ಆ ರಾಜ್ಯದ ಶಾಸನಸಭೆಯೂ ಒಪ್ಪಬೇಕು. ನಮ್ಮ ಸಂವಿಧಾನದ ಮೂರನೇ ಅನುಚ್ಛೇದ ಹಾಗಲ್ಲ. ರಾಜ್ಯದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕೆಂದಿಲ್ಲ. 2014ರಲ್ಲಿ ಆಂಧ್ರ ವಿಧಾನಸಭೆ ತಿರಸ್ಕರಿಸಿದರೂ ಸಂಸತ್ತು ತೆಲಂಗಾಣವನ್ನು ರಚಿಸಿದ್ದು ಹೀಗೆ. ಅಮೆರಿಕದಲ್ಲಿ ಅದು ಆಗದ ಮಾತು. 1820ರಲ್ಲಿ ಮ್ಯಾಸಚೂಸೆಟ್ಸ್ ಒಪ್ಪಿ ಮೇನ್ ಹುಟ್ಟಿತು. 1863ರಲ್ಲಿ ಯುದ್ಧದ ನಡುವೆ, ಒಕ್ಕೂಟಕ್ಕೆ ನಿಷ್ಠವಾಗಿದ್ದ ವರ್ಜೀನಿಯದ ಸರ್ಕಾರವೊಂದು ಒಪ್ಪಿಗೆ ಕೊಟ್ಟು ಪಶ್ಚಿಮ ವರ್ಜೀನಿಯ ಬಂತು. ನ್ಯೂಯಾರ್ಕ್ ನಗರ ಬಿಡುಗಡೆ ಪಡೆಯಬೇಕಾದರೆ ಯಾರಿಂದ ಬಿಡಿಸಿಕೊಳ್ಳಬೇಕೋ ಅವರ ಸಹಿಯೇ ಬೇಕು. ಅಯೋವಾದ ನ್ಯಾಯಾಧೀಶ ಜಾನ್ ಡಿಲ್ಲನ್ 1868ರಲ್ಲಿ ಇನ್ನೊಂದು ಗಂಟು ಹಾಕಿದ: ನಗರವೆಂಬುದು ರಾಜ್ಯದ ಸೃಷ್ಟಿ, ರಾಜ್ಯ ಕೊಟ್ಟಷ್ಟೇ ಅದರ ಅಧಿಕಾರ. ಈ ತತ್ವ ದೇಶದ ಬಹುಭಾಗದಲ್ಲಿ ಬೇರೂರಿತು. 1898ರ ಜನವರಿ 1ರಂದು ಬ್ರೂಕ್ಲಿನ್, ಕ್ವೀನ್ಸ್, ಸ್ಟೇಟನ್ ಐಲೆಂಡ್‌ಗಳನ್ನು ಮ್ಯಾನ್‌ಹಟನ್, ಬ್ರಾಂಕ್ಸ್‌ಗಳ ಜೊತೆ ಬೆಸೆದು ಇಂದಿನ ಮಹಾನಗರ ಮಾಡಿದ್ದೂ ಆಲ್ಬನಿಯ ಶಾಸನವೇ. ಸೇರುವ ಬಗ್ಗೆ 1894ರಲ್ಲಿ ಬ್ರೂಕ್ಲಿನ್ ಜನರ ಅಭಿಪ್ರಾಯ ಕೇಳಿದಾಗ ಪರವಾಗಿದ್ದ ಅಂತರ 277 ಮತ ಮಾತ್ರ.

ವುಡ್ ನಂತರ ನೂರು ವರ್ಷ ಕಳೆದು ಆ ಕನಸು ಮತ್ತೆ ಚಿಗುರಿದಾಗ ಅದರ ಬಣ್ಣವೇ ಬೇರೆಯಿತ್ತು. 1969ರ ಹೊತ್ತಿಗೆ ನ್ಯೂಯಾರ್ಕ್ ದಣಿದ ನಗರ. 1966ರಲ್ಲಿ 12 ದಿನ ಬಸ್ಸು, ಸಬ್‌ವೇ ನಿಂತಿದ್ದವು. 1968ರ ಫೆಬ್ರವರಿಯಲ್ಲಿ ಪೌರಕಾರ್ಮಿಕರ ಮುಷ್ಕರದಿಂದ ಬೀದಿಯಲ್ಲಿ ಕಸದ ಗುಡ್ಡೆ ಬೆಳೆದಿತ್ತು. ಅದೇ ವರ್ಷ ಬ್ರೂಕ್ಲಿನ್ನಿನ ಓಷನ್ ಹಿಲ್-ಬ್ರೌನ್ಸ್‌ವಿಲ್ ಎಂಬ ಬಡ ಕರಿಯರ ಬಡಾವಣೆ ತನ್ನ ಮಕ್ಕಳ ಶಾಲೆಯನ್ನು ತಾನೇ ನಡೆಸಲು ಹೊರಟಾಗ ಶಿಕ್ಷಕರ ಸಂಘ ಸಿಡಿದೆದ್ದು, ಊರಿನ ಶಾಲೆಗಳೆಲ್ಲ ವಾರಗಟ್ಟಲೆ ಮುಚ್ಚಿದ್ದವು. 1969ರ ಫೆಬ್ರವರಿಯಲ್ಲಿ ಹಿಮ ಸುರಿದು ಕ್ವೀನ್ಸಿನ ಬೀದಿಗಳು ದಿನಗಟ್ಟಲೆ ತೆರವಾಗಲೇ ಇಲ್ಲ, ಜನ ಸತ್ತರು. ಮೇಯರ್ ಜಾನ್ ಲಿಂಡ್ಸೆ ಮ್ಯಾನ್‌ಹಟನ್ನಿಗಷ್ಟೇ ಮೇಯರ್ ಎಂಬ ಕೋಪ ಹೊರ ಬರೋಗಳಲ್ಲಿ, ಅಂದರೆ ನಗರದ ಉಳಿದ ನಾಲ್ಕು ವಿಭಾಗಗಳಲ್ಲಿ, ಕುದಿಯುತ್ತಿತ್ತು.

ಆ ವಸಂತದಲ್ಲಿ ಇಬ್ಬರು ಬರಹಗಾರರು ಕಣಕ್ಕಿಳಿದರು. ಬ್ರೂಕ್ಲಿನ್ನಿನಲ್ಲಿ ಬೆಳೆದ ಕಾದಂಬರಿಕಾರ ನಾರ್ಮನ್ ಮೇಲರ್ ಮೇಯರ್ ಸ್ಥಾನಕ್ಕೆ. ಕ್ವೀನ್ಸಿನ ಪತ್ರಕರ್ತ ಜಿಮ್ಮಿ ಬ್ರೆಸ್ಲಿನ್ ನಗರಸಭೆಯ ಅಧ್ಯಕ್ಷ ಸ್ಥಾನಕ್ಕೆ. ಅಧ್ಯಕ್ಷ ಕೆನಡಿ ಸತ್ತಾಗ ಎಲ್ಲ ವರದಿಗಾರರೂ ಗಣ್ಯರ ಹಿಂದೆ ಓಡುತ್ತಿದ್ದರೆ, ಸಮಾಧಿ ತೋಡಿದ ಕೂಲಿಯವನ ಬಗ್ಗೆ ಬರೆದವರು ಈ ಬ್ರೆಸ್ಲಿನ್. ಮೇಲರ್ ಹೆಸರಿಗೆ ಮಸಿಯೂ ಇತ್ತು. 1960ರಲ್ಲಿ, ಮೇಯರ್ ಆಗುವ ಆಸೆಯನ್ನು ಗೆಳೆಯರಿಗೆ ತಿಳಿಸಲು ಕರೆದ ಕೂಟದ ರಾತ್ರಿಯೇ ಅವರು ಹೆಂಡತಿಯನ್ನು ಚಾಕುವಿನಿಂದ ಇರಿದಿದ್ದರು. ಪ್ರಚಾರದ ನಡುವೆ ಒಮ್ಮೆ ಕುಡಿದು ವೇದಿಕೆ ಹತ್ತಿ ತಮ್ಮ ಬೆಂಬಲಿಗರನ್ನೇ ಬೈದರು. ಈ ವ್ಯಕ್ತಿಯನ್ನು ನಂಬಲು ಮತದಾರ ಹಿಂಜರಿದದ್ದರಲ್ಲಿ ತಪ್ಪಿಲ್ಲ.

ಆದರೆ ಅವರು ಮುಂದಿಟ್ಟ ವಿಚಾರ ತೂಕದ್ದು. ನ್ಯೂಯಾರ್ಕ್ ನಗರ ಅಮೆರಿಕದ 51ನೇ ರಾಜ್ಯವಾಗಬೇಕು ಎಂಬುದು ಮೊದಲ ಮೆಟ್ಟಿಲು ಮಾತ್ರ. ಆಲ್ಬನಿಯಿಂದ ಬಿಡಿಸಿಕೊಂಡ ಅಧಿಕಾರವನ್ನು ಸಿಟಿ ಹಾಲ್‌ನಲ್ಲಿ ಗುಡ್ಡೆಹಾಕಬಾರದು, ಬಡಾವಣೆಗಳಿಗೆ ಹಂಚಬೇಕು ಎಂದರು ಮೇಲರ್. ಪ್ರತಿ ನೆರೆಹೊರೆಯೂ ಒಂದು ಪುಟ್ಟ ಊರಾಗಲಿ. ತನ್ನ ಶಾಲೆ, ತನ್ನ ಪೊಲೀಸ್, ತನ್ನ ಕಸ ವಿಲೇವಾರಿಯನ್ನು ತಾನೇ ನೋಡಿಕೊಳ್ಳಲಿ. ಹಾರ್ಲೆಮ್ಮಿನ ಬೀದಿಯಲ್ಲಿ ಗಸ್ತು ತಿರುಗುವವನು ಹಾರ್ಲೆಮ್ಮಿನವನೇ ಆಗಿರಲಿ. ಧರ್ಮಶ್ರದ್ಧೆಯ ಬಡಾವಣೆ ತನ್ನ ಕಟ್ಟುಪಾಡು ಇಟ್ಟುಕೊಳ್ಳಲಿ, ಕಟ್ಟುಪಾಡು ಬೇಡವೆನ್ನುವವರು ತಮ್ಮ ಪಾಡಿಗೆ ಇರಲಿ. ಮ್ಯಾನ್‌ಹಟನ್ನಿಗೆ ಖಾಸಗಿ ಕಾರು ಬರಬಾರದು, ದ್ವೀಪದ ಸುತ್ತ ಮೊನೊರೈಲು ಓಡಲಿ, ಜನಕ್ಕೆ ಸೈಕಲ್ ಪುಕ್ಕಟೆ ಸಿಗಲಿ. ತಿಂಗಳಿಗೊಂದು ‘ಸಿಹಿ ಭಾನುವಾರ’ ಇರಲಿ. ಅಂದು ಯಂತ್ರಗಳೆಲ್ಲ ನಿಂತು ನಗರ ತನ್ನ ಉಸಿರು ತಾನು ಕೇಳಿಸಿಕೊಳ್ಳಲಿ. ನಕ್ಕವರು ನಕ್ಕರು. ಇವುಗಳಲ್ಲಿ ಕಾರುಗಳ ಮಾತು ಅರ್ಧ ಶತಮಾನ ಕಳೆದ ಮೇಲೆ ನಗರದ ಗಂಭೀರ ಚರ್ಚೆಯಾಯಿತು.

ಜೂನ್ 17ರ ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಐವರ ಪೈಕಿ ಮೇಲರ್ ನಾಲ್ಕನೆಯವರು. ಬಂದದ್ದು ಸುಮಾರು 41,000 ಮತ. ಬ್ರೆಸ್ಲಿನ್‌ಗೆ ಅದಕ್ಕಿಂತ ಹೆಚ್ಚು ಬಿತ್ತು. ಇಬ್ಬರೂ ಬರವಣಿಗೆಗೆ ಮರಳಿದರು. ಮುಂದಿನ ಹತ್ತು ವರ್ಷ ಅವರ ಮಾತಿಗೆ ಎದುರುದಿಕ್ಕಿನಲ್ಲೇ ಸಾಗಿತು. 1971ರಲ್ಲಿ ಕಾಂಗ್ರೆಸ್ ಸದಸ್ಯೆ ಬೆಲ್ಲಾ ಆಬ್ಜಗ್ ಅದೇ ಬೇಡಿಕೆ ಎತ್ತಿದರು; ಫಲ ಸಿಗಲಿಲ್ಲ. 1975ರಲ್ಲಿ ನಗರ ದಿವಾಳಿಯ ಅಂಚಿಗೆ ಬಂದಾಗ ರಾಜ್ಯವು ನಗರದ ಲೆಕ್ಕಪತ್ರವನ್ನೇ ನಿಯಂತ್ರಣ ಮಂಡಳಿಯ ವಶಕ್ಕೆ ಕೊಟ್ಟಿತು. ಆಗ ರಾಜ್ಯ ಕೈಹಿಡಿಯದಿದ್ದರೆ ನಗರ ಮುಳುಗುತ್ತಿತ್ತು ಎಂಬುದೂ ಸತ್ಯವೇ.

ಇಷ್ಟರಲ್ಲಿ ನಗರದ ಒಳಗೇ ಇನ್ನೊಂದು ದನಿ ಎದ್ದಿತು. ವುಡ್ ಕನಸಿನ ಮೂರನೇ ದ್ವೀಪವಾದ ಸ್ಟೇಟನ್ ಐಲೆಂಡ್‌ಗೆ ನಗರದ ಆಡಳಿತ ಮಂಡಳಿಯೊಂದರಲ್ಲಿ ಉಳಿದ ಬರೋಗಳಷ್ಟೇ ಮತಬಲ ಇತ್ತು. ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯವಿಲ್ಲವೆಂದು 1989ರಲ್ಲಿ ಸುಪ್ರೀಂ ಕೋರ್ಟ್ ಆ ಏರ್ಪಾಡನ್ನು ಅಸಿಂಧು ಮಾಡಿತು. ನಗರದ ಕಸವೆಲ್ಲ ಬಂದು ಬೀಳುತ್ತಿದ್ದ ಫ್ರೆಶ್ ಕಿಲ್ಸ್ ರಾಶಿ ತಮ್ಮ ದ್ವೀಪದಲ್ಲಿ, ತೀರ್ಮಾನ ಮಾತ್ರ ಮ್ಯಾನ್‌ಹಟನ್ನಿನಲ್ಲಿ ಎಂದು ದ್ವೀಪದವರು ಕುದಿದರು. 1993ರ ನವೆಂಬರಿನಲ್ಲಿ ನಡೆದ ಮತದಾನದಲ್ಲಿ ಸುಮಾರು 65 ಪ್ರತಿಶತ ಜನ ನಗರ ಬಿಟ್ಟು ಹೋಗಲು ಒಪ್ಪಿದರು. ನಗರದ ಕೋರಿಕೆಯಿಲ್ಲದೆ ಇದು ಆಗದು ಎಂದು ಆಲ್ಬನಿ ತಡೆಯಿತು. ಆಲ್ಬನಿಯ ಬಗ್ಗೆ ನ್ಯೂಯಾರ್ಕ್ ಹೇಳುತ್ತ ಬಂದ ದೂರನ್ನು ಸ್ಟೇಟನ್ ಐಲೆಂಡ್ ನ್ಯೂಯಾರ್ಕಿನ ಬಗ್ಗೆ ಹೇಳಿತ್ತು. ನಗರದ ಬಳಿ ಅದಕ್ಕೆ ಉತ್ತರವಿರಲಿಲ್ಲ.

2003ರಲ್ಲಿ ನಗರಸಭೆಯ ಸದಸ್ಯ ಪೀಟರ್ ವ್ಯಾಲನ್ ಜೂನಿಯರ್ ನಗರವು ರಾಜ್ಯದಿಂದ ಬೇರೆಯಾಗುವ ಸಾಧ್ಯತೆಯನ್ನು ಮತ್ತೆ ಪರಿಶೀಲಿಸಬೇಕೆಂದರು. 2020ರ ಜನಗಣತಿಯಂತೆ ನಗರದ ಜನ 88,04,190. ರಾಜ್ಯವಾದರೆ ದೇಶದಲ್ಲಿ 12ನೇ ದೊಡ್ಡದು. ಆರು ಲಕ್ಷ ಜನವೂ ಇಲ್ಲದ ವಯೋಮಿಂಗ್‌ಗೆ ಇಬ್ಬರು ಸೆನೆಟರ್‌ಗಳಿದ್ದಾರೆ. ಈ ನಗರಕ್ಕೆ ತನ್ನದೇ ಎನ್ನುವ ಒಬ್ಬರೂ ಇಲ್ಲ. ಸಬ್‌ವೇ ನಡೆಸುವುದು ರಾಜ್ಯದ ಸಂಸ್ಥೆ. ಬಾಡಿಗೆ ನಿಯಂತ್ರಣವನ್ನು ಬಿಗಿ ಮಾಡುವ ಅಧಿಕಾರ 1971ರಿಂದ ಆಲ್ಬನಿಯದು. 2018ರ ಜುಲೈನಲ್ಲಿ ಶಾಲೆಗಳ ಬಳಿ ವೇಗ ಹಿಡಿಯುವ ಕ್ಯಾಮೆರಾಗಳು ಕಣ್ಣು ಮುಚ್ಚಿದವು. ಕೆಟ್ಟುಹೋಗಿದ್ದಕ್ಕಲ್ಲ, ರಾಜ್ಯದ ಅನುಮತಿಯ ಅವಧಿ ಮುಗಿದಿತ್ತು, ಆಲ್ಬನಿಯ ಸೆನೆಟ್ ಅದನ್ನು ಮುಂದುವರಿಸದೆ ರಜೆಗೆ ಹೋಗಿತ್ತು. ತನ್ನ ಮಗು ದಾಟುವ ರಸ್ತೆಯಲ್ಲಿ ಕಾರಿನ ವೇಗ ಅಳೆಯಲು ದೂರದ ರಾಜಧಾನಿಯ ಅಪ್ಪಣೆ ಬೇಕೆಂದರೆ ಬ್ರೂಕ್ಲಿನ್ನಿನ ತಾಯಿಗೆ ಏನನ್ನಿಸಬೇಕು? ಈ ನೋವು ನಿಜವಾದದ್ದು. 1857ರಿಂದ ಅದು ಹೋಗಿಲ್ಲ.

ಹಾಗೆಂದು ನಗರ ಒಂಟಿಯಾಗಿ ಬೆಳೆದದ್ದೂ ಅಲ್ಲ. ಅದನ್ನು ನೋಡಬೇಕಾದರೆ ನಗರದಿಂದ ನೂರು ಕಿಲೋಮೀಟರಿಗೂ ಆಚೆ, ಕ್ಯಾಟ್‌ಸ್ಕಿಲ್ ಬೆಟ್ಟಗಳ ತಪ್ಪಲಿಗೆ ಹೋಗಬೇಕು. 1905ರಲ್ಲಿ ಆಲ್ಬನಿಯ ಶಾಸನಸಭೆ ಒಂದು ಕಾಯಿದೆ ಮಾಡಿ, ಕುಡಿಯುವ ನೀರಿಗಾಗಿ ಆ ಕಣಿವೆಯ ಜಮೀನನ್ನು ವಶಪಡಿಸಿಕೊಳ್ಳುವ ಹಕ್ಕನ್ನು ನ್ಯೂಯಾರ್ಕ್ ನಗರಕ್ಕೆ ಕೊಟ್ಟಿತು. ಶೋಕನ್, ವೆಸ್ಟ್ ಹರ್ಲಿ, ಬ್ರೌನ್ಸ್ ಸ್ಟೇಷನ್‌ನಂಥ ಹಳ್ಳಿಗಳು ಎದ್ದು ಹೋಗಬೇಕಾಯಿತು. ಸುಮಾರು 2,000 ಜನ ಮನೆ ಬಿಟ್ಟರು. ಸ್ಮಶಾನಗಳನ್ನು ಅಗೆದು ಹಿರಿಯರ ಅಸ್ಥಿಗಳನ್ನು ಬೇರೆಡೆ ಹೂಳಿದರು. ಆಶೋಕನ್ ಜಲಾಶಯ ತುಂಬಿತು. ಅಲ್ಲಿಂದ ಹೊರಟ ನೀರು ಸ್ಟಾರ್ಮ್ ಕಿಂಗ್ ಬೆಟ್ಟದ ಬಳಿ ಹಡ್ಸನ್ ನದಿಯ ಅಡಿ, ಸಮುದ್ರಮಟ್ಟಕ್ಕಿಂತ 1,100 ಅಡಿ ಆಳದ ಸುರಂಗ ಹಾದು, 1917ರ ಹೊತ್ತಿಗೆ ನಗರದ ನಲ್ಲಿಗಳಿಗೆ ಬಂತು. ಇಂದಿಗೂ ನಗರ ಕುಡಿಯುವುದು ಇಂಥ 19 ಜಲಾಶಯಗಳ ನೀರನ್ನು. ಅವೆಲ್ಲವೂ ಇರುವುದು ನಗರದ ಎಲ್ಲೆಯಾಚೆ.

ಜಲಾಶಯದ ಸುತ್ತಲಿನ ರಸ್ತೆಬದಿಯಲ್ಲಿ ಚಿಕ್ಕ ಫಲಕಗಳಿವೆ. ಈ ಊರು ಹಿಂದೆ ಇಲ್ಲಿತ್ತು ಎಂದಷ್ಟೇ ಅವುಗಳ ಮೇಲೆ ಬರೆದಿದೆ. ಆ ಬೆಟ್ಟದ ದಾರಿಗಳಲ್ಲಿ ಗಸ್ತು ತಿರುಗುವ ಒಂದು ಪೊಲೀಸ್ ಪಡೆಯೂ ಇದೆ. ಅದು ನ್ಯೂಯಾರ್ಕ್ ನಗರದ್ದು. ನೀರು ಕಾಯಲು ನೂರು ವರ್ಷಕ್ಕೂ ಹಿಂದೆ ನಗರವೇ ನೇಮಿಸಿದ್ದು. ಆಲ್ಬನಿಯ ಪೊಲೀಸರು ಸಿಟಿ ಹಾಲ್ ಮೆಟ್ಟಿಲು ಹತ್ತಿದ್ದನ್ನು ನಗರ ಮರೆತಿಲ್ಲ. ಶೋಕನ್ನಿನ ಮೊಮ್ಮಕ್ಕಳು ನಗರದ ಪೊಲೀಸರ ಜೀಪು ತಮ್ಮ ಮನೆ ಮುಂದೆ ಹಾದುಹೋಗುವುದನ್ನು ದಿನವೂ ನೋಡುತ್ತಾರೆ. ನ್ಯೂಯಾರ್ಕ್ ಎಂದಾದರೂ ರಾಜ್ಯವಾಗುವುದಾದರೆ ಕಾಂಗ್ರೆಸ್ಸಿಗೆ, ಆಲ್ಬನಿಗೆ ಅರ್ಜಿ ಹಾಕುವ ಮೊದಲು ಈ ಕಣಿವೆಯವರ ಮುಂದೆ ಬಂದು ಕೂರಬೇಕಾಗುತ್ತದೆ. ನಮ್ಮ ಬೀದಿಯ ತೀರ್ಮಾನ ನಮ್ಮದಿರಲಿ ಎಂಬ ಮಾತನ್ನು ಅವರೂ ಹೇಳಬಲ್ಲರು, ಅವರಿಗೂ ಆ ಹಕ್ಕಿದೆ.